ಆರು ಬಟ್ಟಲು ಮತ್ತು ಅಜ್ಜಂಪುರದ ಹಿತ್ತಲ ಕೊಳ

ಕಳೆದ ಭಾನುವಾರ ನನ್ನ ಜಾಗಕ್ಕೆ ಬಂದಿರುವ ಹೊಸ ಹೆಲ್ತ್ ಇನ್‌ಸ್ಪೆಕ್ಟರು ಕಡೂರಿನ ನಮ್ಮ ಮನೆಗೆ ಬಂದಿದ್ದರು. ಕಂಕುಳಲ್ಲಿ ನಾನು ಬಿಟ್ಟುಬಂದ ನೀರಿನ ಪುಸ್ತಕ. ಕಾಫಿ ಮುಗಿದ ಮೇಲೆ ಪುಸ್ತಕ ಬಿಚ್ಚಿ ಎರಡು ವಿಷಯ ಕೇಳಿದರು. ಸರ್ಕಾರ ಅಚ್ಚು ಹಾಕಿಸಿದ ಪುಟದಲ್ಲಿ ಇರುವುದು ಆರು ಕಾಲಂ. ನನ್ನ ಪುಸ್ತಕದಲ್ಲಿ ಮಾತ್ರ ಕೈಯಲ್ಲಿ ಗೆರೆ ಎಳೆದ ಏಳನೆಯದು ಒಂದಿದೆ, ಅದು ಯಾರ ಅಪ್ಪಣೆ? ಇನ್ನೊಂದು, ಕೊನೆಯ ಪುಟದ ಏಳನೆಯ ಕಾಲಂನಲ್ಲಿ ಶಾಯಿ ಹರಡಿ ಒಂದು ಹೆಸರು ಸರಿಯಾಗಿ ಕಾಣುವುದಿಲ್ಲ. "ಸಾರ್, ಇದು ನಿಮ್ಮದೇ ಹೆಸರಾ?"

ನನ್ನದೇ. ಬಾಯಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಬರೆದುಕೊಡುತ್ತೇನೆ ಎಂದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಬೇರೆಯವರೂ ಓದಿಕೊಳ್ಳಲಿ.

ನಾನು ಹುಟ್ಟಿದ್ದು ಪಂಚನಹಳ್ಳಿಯ ಕಡೆ. ಅಲ್ಲಿಯವರಿಗೆ ನೀರೆಂದರೆ ಕೊಡದೊಳಗಿರುವ ವಸ್ತು. ತಲೆ ಮೇಲಿಂದ ಒಂದು ಚೊಂಬು ಚೆಲ್ಲಿದರೂ ನಮ್ಮವ್ವ ಊರೆಲ್ಲ ಕೇಳುವ ಹಾಗೆ ಬಯ್ಯುತ್ತಿದ್ದಳು. ತುಂಬಿದ ಕೆರೆಯನ್ನು ನಾನು ಮೊದಲ ಸಲ ಕಂಡದ್ದು ಮೀಸೆ ಬಂದ ಮೇಲೆ. ಅಷ್ಟೊಂದು ನೀರು ಸುಮ್ಮನೆ ಬಿದ್ದಿದೆಯಲ್ಲ ಎಂದು ಬೆರಗಾಗಿ ನಿಂತೆ. ಜೊತೆಗೆ ಹೆದರಿಕೆಯೂ ಆಯಿತು. ಆಳದ ನೀರು ಕಂಡರೆ ಕೈಕಾಲು ತಣ್ಣಗಾಗುವ ಚಾಳಿ ನನಗೆ ಕೊನೆಯವರೆಗೂ ಹೋಗಲಿಲ್ಲ. ಅಂಥವನನ್ನು ಮಹಾರಾಜರ ಸರ್ಕಾರ ಹುಡುಕಿ ಹುಡುಕಿ ನೀರು ಪರೀಕ್ಷೆಯ ಕೆಲಸಕ್ಕೆ ಹಾಕಿತು.

ನನಗೆ ಕೆಲಸ ಕಲಿಸಿದವರು ಹಳೆಯ ಇನ್‌ಸ್ಪೆಕ್ಟರು ರಾಯರು. ಪೇಟದ ಅಂಚು ಸವೆದ, ನಶ್ಯದ ಡಬ್ಬಿ ಬಿಡದ ಮನುಷ್ಯ. ಅವರ ಹತ್ತಿರ ಪೆಟ್ಟಿಗೆಯೂ ಇರಲಿಲ್ಲ, ಸೀಸೆಯೂ ಇರಲಿಲ್ಲ. ಹೊಸ ಊರಿಗೆ ಹೋದರೆ ಬಾವಿಯ ಕಡೆ ತಿರುಗಿಯೂ ನೋಡದೆ ಯಾವುದಾದರೂ ಮನೆಯ ಹಿತ್ತಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: "ಏನಮ್ಮಾ, ನಿಮ್ಮೂರ ನೀರಲ್ಲಿ ಬೇಳೆ ಹ್ಯಾಗೆ ಬೇಯತ್ತೆ?"

ತರೀಕೆರೆಯ ಹೆಂಗಸರು, ಎರಡು ಕುದಿ ಬಂದರೆ ಬೆಣ್ಣೆಯಾಗುತ್ತದೆ ಅನ್ನುವರು. ಕಡೂರಿನವರು, ಅಯ್ಯೋ ಒಂದು ಹೊರೆ ಸೌದೆ ಸುಟ್ಟರೂ ಬೇಳೆ ಬೇಳೆಯಾಗೇ ಇರುತ್ತದೆ ಅನ್ನುವರು. ಅಷ್ಟರಲ್ಲೇ ರಾಯರಿಗೆ ನೀರು ಮೆದುವೋ ಗಡಸೋ ಗೊತ್ತಾಗುತ್ತಿತ್ತು. ಮುಂದೆ ಅದೇ ನೀರನ್ನು ಸೋಪಿನ ದ್ರಾವಣ ಹಾಕಿ ನಾನು ಅಳೆದೆ. ರಾಯರ ಬೇಳೆ ಒಂದು ಸಲವೂ ತಪ್ಪಿರಲಿಲ್ಲ.

"ನೀರು ಯಾರ ಕೈಲಿ ಓಡಾಡತ್ತೋ ಅವರನ್ನ ಮೊದ್ಲು ಕೇಳೋ ತಿಮ್ಮಪ್ಪ," ಎಂದು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾನು ಹೂಂ ಎಂದು ತಲೆಯಾಡಿಸುತ್ತಿದ್ದೆ. ತಲೆಯೊಳಗೆ ಇಳಿದದ್ದು ಬಹಳ ತಡವಾಗಿ.

ರಾಯರು ನಿವೃತ್ತರಾದ ವರ್ಷ ಬಾವಿಗಳಿಗೆ ಹಾಕಲು ಕೆಂಪು ಔಷಧಿ ಬಂತು, ಪರ್ಮಾಂಗನೇಟ್. ನೀರಿಗೆ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಆ ಬಣ್ಣ ಮಾರನೆಯ ಬೆಳಿಗ್ಗೆಯವರೆಗೂ ನಿಂತರೆ ಬಾವಿ ಚೊಕ್ಕಟ. ನಾನು ಮೊದಲು ಹಾಕಲು ಹೋದದ್ದು ನಮ್ಮೂರಿಗೇ. ಹುಟ್ಟಿದೂರಿನಲ್ಲಿ ಸ್ವಲ್ಪ ಜೋರು ತೋರಿಸುವ ಆಸೆ. ಬಾವಿಯ ಸುತ್ತಳತೆಗೂ ಅಡ್ಡಳತೆಗೂ ವ್ಯತ್ಯಾಸ ಮರೆತು ಲೆಕ್ಕ ಹಾಕಿ, ಬೇಕಾದದ್ದರ ಹತ್ತರಷ್ಟು ಸುರಿದುಬಿಟ್ಟೆ. ಬೆಳಿಗ್ಗೆ ನೋಡಿದರೆ ಬಾವಿಯ ತುಂಬ ಮಾಗಿದ ನೇರಳೆ ಹಣ್ಣಿನ ಬಣ್ಣ! ನಾನು ಬಯ್ಗುಳಕ್ಕೆ ಸಿದ್ಧನಾಗಿ ಹೋದರೆ, ಹೆಂಗಸರೆಲ್ಲ ಬಾವಿಕಟ್ಟೆ ಸಾರಿಸಿ, ಬಳೆಬಿಚ್ಚೋಲೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತುತ್ತಿದ್ದಾರೆ. ಗಂಗವ್ವ ಮೈದೋರಿದ್ದಾಳಂತೆ. ಮುಂದೆ ನಿಂತು ಹಾಡು ಹೇಳುತ್ತಿದ್ದವಳು ನಮ್ಮವ್ವ. ಲೆಕ್ಕ ತಪ್ಪಿದ್ದು ನಾನು ಎಂದು ಹೇಳಲು ಬಾಯಿ ಬರಲಿಲ್ಲ. ನಮ್ಮವ್ವ ಸಾಯುವವರೆಗೂ ಹೇಳಲಿಲ್ಲ. ಈಗ ಬರೆದಿದ್ದೇನೆ.

ಬುಕ್ಕಾಂಬುಧಿಯಲ್ಲಿ ಇನ್ನೊಂದು ತರಹ. ಆ ಕೆರೆಯನ್ನು ಏರಿಯ ಮೇಲೆ ನಿಂತು ನೋಡಿದರೆ ಇದನ್ನು ಮನುಷ್ಯರು ಕಟ್ಟಿದರೇ ಎಂದು ನಂಬಿಕೆ ಬರುವುದಿಲ್ಲ. ಹೊಸ ಮಳೆಯ ನೀರು ಬಂದಾಗ ಅದು ಕೆಮ್ಮಣ್ಣಿನ ರಾಡಿ. ರಾಡಿ ನೀರಿಗೆ ಔಷಧಿ ಹಾಕಿದರೆ ಮಣ್ಣೇ ಅದನ್ನು ತಿಂದು ಮುಗಿಸುತ್ತದೆ. ನಾನು ಮೂರು ದಿನ ಹೆಣಗಾಡಿದೆ. ಕೊನೆಗೆ ಒಬ್ಬ ಮುದುಕಿ ಗುಡಿಸಲಿಂದ ಎದ್ದು ಬಂದು, ಯಾವುದೋ ಬೀಜವನ್ನು ನನ್ನ ಗಡಿಗೆಯ ಒಳಮೈಗೆ ನಾಲ್ಕು ಸಲ ಉಜ್ಜಿ, "ಈಗ ಎಲೆಅಡಿಕೆ ಹಾಕ್ಕೊಂಡ್ ಕೂತ್ಕಳಪ್ಪ, ಮುಗಿಯೋದ್ರಾಗೆ ತಿಳಿಯಾಗ್ತೈತೆ," ಅಂದಳು. ಎಲೆಅಡಿಕೆ ಮುಗಿಯುವುದರೊಳಗೆ ಮಣ್ಣೆಲ್ಲ ತಳಕ್ಕೆ ಕೂತು ಮೇಲೆ ನೀರು ಗಾಜಾಗಿತ್ತು. ಅದು ಚಿಲ್ಲದ ಬೀಜ. ನಾನು ಆ ಗಡಿಗೆಯನ್ನು ಎಷ್ಟು ಹೊತ್ತು ಬಗ್ಗಿ ನೋಡುತ್ತಿದ್ದೆನೆಂದರೆ, ಒಳಗೇನಾದರೂ ಬಿತ್ತೇ ಎಂದು ಮುದುಕಿ ಕೇಳಿದಳು.

ಇದೆಲ್ಲ ಆದ ಮೇಲೆ ಬಂತು ಆರು ಬಟ್ಟಲ ಪೆಟ್ಟಿಗೆ. ಹೊಸಬರಿಗೆ ಇವತ್ತು ಅದು ಹಳೇ ಸಾಮಾನು. ನನಗೆ ಅದನ್ನು ಮೊದಲು ಬಿಚ್ಚಿದ ದಿನ ಇನ್ನೂ ಕಣ್ಣ ಮುಂದಿದೆ. ಹಾಲಿನಂತೆ ಬಿಳಿಯ ಆರು ಬಟ್ಟಲು. ಆರಕ್ಕೂ ಒಂದೇ ನೀರು. ಬ್ಲೀಚಿಂಗ್ ಪೌಡರ್ ಕಲಸಿದ ತಿಳಿಯನ್ನು ಮೊದಲನೆಯದಕ್ಕೆ ಒಂದು ತೊಟ್ಟು, ಎರಡನೆಯದಕ್ಕೆ ಎರಡು, ಹೀಗೆ ಆರನೆಯದಕ್ಕೆ ಆರು. ಅರ್ಧ ಗಂಟೆ ಸುಮ್ಮನೆ ಕೂರಬೇಕು. ಆಮೇಲೆ ಒಂದೊಂದಕ್ಕೂ ಗಂಜಿ ಸೀಸೆಯಿಂದ, ಅಂದರೆ ಅಯೋಡೈಡ್ ಬೆರೆಸಿದ ಗಂಜಿತಿಳಿ, ಮೂರು ಹನಿ. ಪೌಡರು ಮೊದಲು ನೀರಿನ ಕೊಳೆಯ ಮೇಲೆ ಖರ್ಚಾಗುತ್ತದೆ. ಕೊಳೆ ತಿಂದು ಮಿಕ್ಕಿದ್ದರೆ ಮಾತ್ರ ಆ ಬಟ್ಟಲು ನೀಲಿಯಾಗುತ್ತದೆ. ಮೂರನೆಯದು ಮೊದಲು ನೀಲಿಯಾದರೆ ಆ ನೀರಿಗೆ ಮೂರು ಅಳತೆ ಪೌಡರು ಸಾಕು ಎಂದರ್ಥ.

ಬಿಳಿ ಬಟ್ಟಲಿನ ತಳದಿಂದ ಆ ನೀಲಿ ಏಳುವುದನ್ನು ನಾನು ಸಾವಿರಾರು ಸಲ ನೋಡಿದ್ದೇನೆ. ಒಂದು ಸಲವೂ ಮೈ ಜುಮ್ಮೆನ್ನದೆ ಇರಲಿಲ್ಲ. ಬಾಯಿಲ್ಲದ ನೀರು ಬಾಯಿಬಿಟ್ಟು ಹೇಳಿದ ಹಾಗೆ ಅನ್ನಿಸುತ್ತಿತ್ತು. ಪೆಟ್ಟಿಗೆ ಕೈಗೆ ಬಂದ ಮೇಲೆ ನಾನು ಹಿತ್ತಲ ಬಾಗಿಲುಗಳಲ್ಲಿ ನಿಂತು ಬೇಳೆಯ ವಿಷಯ ಕೇಳುವುದನ್ನು ಬಿಟ್ಟೆ. ಬಟ್ಟಲೇ ಹೇಳುವಾಗ ಹೆಂಗಸರನ್ನು ಕೇಳುವುದೇಕೆ ಎಂಬ ಜಂಬ. ಆ ಜಂಬ ನನ್ನನ್ನು ಅಜ್ಜಂಪುರದಲ್ಲಿ ಕೆಡವಿತು.

ಅಜ್ಜಂಪುರದಲ್ಲಿ ಆ ಬೇಸಿಗೆ ನಾರುಹುಣ್ಣು ಹೆಚ್ಚಾಗಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಾಲಿನ ಹುಣ್ಣಿನಿಂದ ದಾರದಂಥ ಹುಳ ಹೊರಬರುವ ರೋಗ. ಹುಣ್ಣಿರುವವನು ನೀರಿಗೆ ಕಾಲಿಟ್ಟರೆ ಅದರ ಮರಿ ನೀರಿಗೆ ಸೇರಿ, ಅಲ್ಲಿರುವ ಬಿಳಿ ಚುಕ್ಕೆಯಂಥ ನೀರುಹುಳದ ಹೊಟ್ಟೆ ಹೊಕ್ಕು, ಆ ನೀರು ಕುಡಿದವರ ಮೈ ಸೇರುತ್ತದೆ. ಮೆಟ್ಟಿಲಿಳಿದು ಮುಟ್ಟುವ ನೀರೆಲ್ಲ ಇದಕ್ಕೆ ತವರು.

ಕೊಬ್ಬರಿ ಸಾಹುಕಾರ್ ಶಿವಲಿಂಗಪ್ಪನವರ ಮನೆಯ ಹಿತ್ತಲಲ್ಲಿ ಕಲ್ಲಿನ ಮೆಟ್ಟಿಲಿನ ಒಂದು ಕೊಳವಿತ್ತು. ಎಂಟು ಗಜ ಉದ್ದ, ಐದು ಗಜ ಅಗಲ, ಎದೆಮಟ್ಟ ನೀರು. ಪಕ್ಕದ ಬಾವಿಯಿಂದ ಎತ್ತು ಕಟ್ಟಿ ಕಪಿಲೆ ಹೊಡೆದು ತುಂಬಿಸುತ್ತಿದ್ದರು. ನಾನು ಗಾಜಿನ ಲೋಟದಲ್ಲಿ ನೀರೆತ್ತಿ ಬಿಸಿಲಿಗೆ ಹಿಡಿದೆ. ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಕೊಬ್ಬರಿ ಒಡೆಯುವ ಆಳುಗಳು ಸಂಜೆ ಅಲ್ಲೇ ಕಾಲು ತೊಳೆಯುತ್ತಿದ್ದರು, ಅವರಲ್ಲಿ ಇಬ್ಬರಿಗೆ ಹುಣ್ಣಿತ್ತು. ನಾನು ಉದ್ದ, ಅಗಲ, ಆಳ, ಹುಳ, ಹುಣ್ಣು ಎಲ್ಲ ಬರೆದು, ಆರು ಕಾಲಂ ಚೊಕ್ಕವಾಗಿ ತುಂಬಿ, ಡಾಕ್ಟರಿಗೆ ಕಳಿಸಿದೆ. ಜಿಲ್ಲೆಗೆ ಮೇಲಧಿಕಾರಿಯಾಗಿದ್ದ ಡಾಕ್ಟರು ಬಹಳ ಖಂಡಿತದ ಮನುಷ್ಯ. ಎಂಟು ದಿನದಲ್ಲಿ ಹುಕುಂ ಬಂತು: ಕೊಳವನ್ನು ಮಣ್ಣು ತುಂಬಿಸಿ ಮುಚ್ಚತಕ್ಕದ್ದು.

ಹುಕುಂ ಜಾರಿ ಮಾಡಲು ನಾನೇ ಹೋದೆ. ಸಾಹುಕಾರರು ಒಂದು ಮಾತೂ ಎದುರಾಡಲಿಲ್ಲ.

"ಸರ್ಕಾರ ಮುಚ್ಚು ಅಂದ್ರೆ ಮುಚ್ಬೇಕಪ್ಪ. ನಮ್ಮನೆ ನೀರ್ನಿಂದ ನಾಕ್ ಜನಕ್ಕೆ ಹುಣ್ಣಾಗೋದು ಬ್ಯಾಡ," ಎಂದು ರುಜು ಹಾಕಿದರು. ರುಜು ಗೆರೆ ದಾಟಿ ಹೋಯಿತು. ವಯಸ್ಸಾಗಿದೆ ಎಂದುಕೊಂಡೆ.

ಹಿತ್ತಲಲ್ಲಿ ಆಗಲೇ ನಾಲ್ಕು ಗಾಡಿ ಮಣ್ಣು ಸುರಿದಿತ್ತು. ಮಣ್ಣು ಸಾಕಾಗುತ್ತದೆಯೇ ಎಂದು ನೋಡಲು ಹೋದವನು ಅಲ್ಲೇ ನಿಂತುಬಿಟ್ಟೆ.

ಮನೆಯ ಹಿಂಬಾಗಿಲಿನಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಸುಮಾರು ಮೂವತ್ತು ವರ್ಷ, ಕಚ್ಚೆ ಹಾಕಿ ಬಿಗಿದ ಸೀರೆ. ನಡೆದು ಬರುತ್ತಿರಲಿಲ್ಲ. ಎರಡು ಅಂಗೈ ನೆಲಕ್ಕೂರಿ ಮೈಯನ್ನು ಎತ್ತಿ ಎತ್ತಿ ಮುಂದಿಡುತ್ತಿದ್ದಳು. ಕಾಲುಗಳು ಹಿಂದೆ ಸುಮ್ಮನೆ ಬರುತ್ತಿದ್ದವು. ಅವಳು ನನ್ನನ್ನು ನೋಡಲಿಲ್ಲ. ಮೆಟ್ಟಿಲು ಒಂದೊಂದೇ ಇಳಿದಳು. ನೀರು ಸೊಂಟಕ್ಕೆ ಬಂತು. ಇನ್ನೆರಡು ಮೆಟ್ಟಿಲು. ಆಮೇಲೆ ಅವಳು ಎದ್ದು ನಿಂತಳು.

ನಿಂತಳು, ಎದೆಮಟ್ಟ ನೀರಿನಲ್ಲಿ, ನಾನೂ ನೀವೂ ನಿಲ್ಲುವ ಹಾಗೆ. ಎರಡು ಹೆಜ್ಜೆ ನಡೆದಳು. ಹಾಗೇ ಮುಂದಕ್ಕೆ ಬಾಗಿ ಈಜಿದಳು. ಒಂದು ಸದ್ದಿಲ್ಲ, ಒಂದು ಹನಿ ಮೇಲೆ ಸಿಡಿಯಲಿಲ್ಲ. ಆ ಗೋಡೆ ಮುಟ್ಟಿ ಈ ಗೋಡೆಗೆ ಬಂದಳು. ನೆಲದ ಮೇಲೆ ಅಷ್ಟು ಕಷ್ಟಪಟ್ಟ ಮೈ ಇದೇನಾ ಎಂದು ನನಗೆ ನಂಬಲಾಗಲಿಲ್ಲ. ನನ್ನ ಕೈಯಲ್ಲಿ ಹುಕುಂ ಕಾಗದ ಇತ್ತು. ಅದನ್ನು ಮಡಿಸಿ ಜೇಬಿಗೆ ತುರುಕಿಕೊಂಡೆ.

ಗಿರಿಜಮ್ಮ ಸಾಹುಕಾರರ ಒಬ್ಬಳೇ ಮಗಳು. ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಕಾಲಿನ ಬಲ ಹೋಯಿತಂತೆ. ಕೊಳ ಕಟ್ಟಿಸಿದ್ದೇ ಅವಳಿಗಾಗಿ. ಒಣಗಿದ ಎರಡು ತೆಂಗಿನಕಾಯಿಯ ಜುಟ್ಟು ಕಟ್ಟಿ ಕಂಕುಳಿಗೆ ಕೊಟ್ಟು ಅಪ್ಪನೇ ಈಜು ಕಲಿಸಿದ್ದರು.

ಅವಳು ನನ್ನನ್ನು ಕಂಡು ನೀರಿನಲ್ಲೇ ಗೋಡೆಗೆ ಸರಿದಳು. "ಇನ್‌ಸ್ಪೆಕ್ಟ್ರು ನೀವೇನಾ? ಇವತ್ತೇ ಮುಚ್ತೀರಾ?" ಎಂದು ಕೇಳಿದಳು. ಅಳುತ್ತಿರಲಿಲ್ಲ. "ಇವತ್ತೊಂದಿನ ಬಿಡಿ. ನಾಳೆಯಿಂದ ನಿಲ್ಲೋಕಾಗಲ್ಲವಲ್ಲ, ಇವತ್ತು ಇನ್ನೊಸಿ ಹೊತ್ತು ನಿಂತ್ಕತೀನಿ."

ನನಗೆ ನಾಚಿಕೆಯಾಯಿತು. ಕೊಳದ ಆಳವನ್ನು ಅಂಗುಲ ಬಿಡದೆ ಅಳೆದಿದ್ದೆ. ಅದರೊಳಗೆ ಯಾರು ಇಳಿಯುತ್ತಾರೆ ಎಂದು ಕೇಳಿರಲಿಲ್ಲ. ರಾಯರು ಅಷ್ಟು ವರ್ಷ ಬಡಿದುಕೊಂಡದ್ದು ಇದನ್ನೇ ಅಲ್ಲವೇ?

ಮಾರನೆಯ ದಿನವೇ ಡಾಕ್ಟರ ಮುಂದೆ ನಿಂತೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ನೀವೇ ಬರ್ದಿದ್ದು. ಈಗ ನೀವೇ ಬಂದು ಅಳಿಸಿ ಅಂತೀರಾ?"

"ಬರ್ದಿದ್ದು ಸುಳ್ಳಲ್ಲ ಸಾರ್. ಪೂರ್ತಿ ಬರೀಲಿಲ್ಲ."

ಗಿರಿಜಮ್ಮನ ವಿಷಯ ಹೇಳಿದೆ. ಅವರ ಮುಖ ಸಡಿಲವಾಗಲಿಲ್ಲ. "ಅಯ್ಯೋ ಪಾಪ ಅಂದ್ರೆ ಹುಳ ಸಾಯೋದಿಲ್ಲ ತಿಮ್ಮಪ್ಪ," ಎಂದರು. ಕೊನೆಗೆ ನಾಲ್ಕು ವಾರ ಕೊಟ್ಟರು. ಆಳುಗಳು ಆ ಕಡೆ ಸುಳಿಯಕೂಡದು. ಆ ನೀರು ಯಾರೂ ಕುಡಿಯಕೂಡದು. ವಾರ ವಾರ ಪೌಡರು ಹಾಕಿ ಪರೀಕ್ಷೆ. ನಾಲ್ಕನೆಯ ವಾರ ತಾವೇ ಬಂದು ನೋಡುತ್ತಾರೆ. ಲೋಟದಲ್ಲಿ ಒಂದು ಹುಳ ಕಾಣಕೂಡದು. ಬಟ್ಟಲಲ್ಲಿ ಮೂರರೊಳಗೆ ನೀಲಿ ಬರಬೇಕು. ಬಾರದಿದ್ದರೆ ಅವತ್ತೇ ಮಣ್ಣು.

ಆ ಮಣ್ಣಿನ ಗುಡ್ಡೆ ನಾಲ್ಕು ವಾರವೂ ಕೊಳದ ಪಕ್ಕದಲ್ಲೇ ಇತ್ತು. ನಾನು ಪ್ರತಿ ವಾರ ಬೀರೂರಿನಲ್ಲಿ ರೈಲು ಬದಲಿಸಿ ಅಜ್ಜಂಪುರಕ್ಕೆ ಹೋಗುತ್ತಿದ್ದೆ. ಮೊದಲ ವಾರ ಕೊಳ ಖಾಲಿ ಮಾಡಿಸಿ, ಉಜ್ಜಿಸಿ, ಹೊಸ ನೀರು ತುಂಬಿಸಿದೆ. ಆಮೇಲೆ ಪೌಡರು. ಎರಡನೆಯ ವಾರ ನಾಲ್ಕನೆಯ ಬಟ್ಟಲು ನೀಲಿಯಾಯಿತು. ಮೂರನೆಯ ವಾರ ಮೂರನೆಯದು. ಗಿರಿಜಮ್ಮ ಮೆಟ್ಟಿಲ ಮೇಲೆ ಕೂತು ಬಟ್ಟಲುಗಳನ್ನೇ ದಿಟ್ಟಿಸುತ್ತಿದ್ದಳು. ನೀಲಿ ಎದ್ದಾಗ, "ಎಷ್ಟ್ ಚೆಂದಾಗೈತೆ ಕಣವ್ವ," ಎಂದು ತಾಯಿಯ ಕೈ ಹಿಡಿದುಕೊಂಡಳು. ನೀಲಿ ನೋಡಿ ಬೆರಗಾಗುವವರು ಲೋಕದಲ್ಲಿ ನಾನೊಬ್ಬನೇ ಅಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.

"ನಿಮ್ ಪೌಡ್ರು ಕಣ್ಣುರಿ ಕಣ್ರೀ," ಎಂದೂ ಅಂದಳು. ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ.

ನಾಲ್ಕನೆಯ ವಾರ ಡಾಕ್ಟರು ಬಂದರು. ಬೆಳಗಿನ ಬಿಸಿಲು ಚೆನ್ನಾಗಿತ್ತು. ಲೋಟ ಎತ್ತಿ ಹಿಡಿದರು, ಹುಳ ಒಂದೂ ಇಲ್ಲ. ನನಗೆ ಧೈರ್ಯ ಬಂತು. ಆರು ಬಟ್ಟಲು ಜೋಡಿಸಿ ತೊಟ್ಟು ಹಾಕಿ ಅರ್ಧ ಗಂಟೆ ಕೂತೆವು. ಆಮೇಲೆ ಗಂಜಿ ಸೀಸೆ ತೆಗೆದು ಹನಿ ಬಿಟ್ಟೆ. ಒಂದು, ಬಿಳಿ. ಎರಡು, ಬಿಳಿ. ಮೂರು, ಬಿಳಿ. ನಾಲ್ಕು, ಐದು, ಆರು. ಆರೂ ಬಿಳಿ.

"ಇದು ಕೊಳದ ನೀರೋ ಚರಂಡಿ ನೀರೋ?" ಎಂದರು ಡಾಕ್ಟರು.

ಗಂಜಿ ಸೀಸೆ ಕೆಟ್ಟಿದೆಯೇನೋ ಎಂದು ಬಾವಿಯ ನೀರಿಗೆ ಹಾಕಿ ನೋಡಿದೆ. ಎರಡೇ ತೊಟ್ಟಿಗೆ ಕಡುನೀಲಿ. ಕೆಟ್ಟಿರುವುದು ಸೀಸೆಯಲ್ಲ. ಒಂದು ವಾರದಲ್ಲಿ ಕೊಳಕ್ಕೆ ಏನಾಯಿತು?

ಸಾಹುಕಾರರು ಎದ್ದರು. ಮಗಳ ಮುಖ ನೋಡದೆ ಆಳುಗಳ ಕಡೆ ತಿರುಗಿ, "ಗುದ್ಲಿ ತಗಳ್ರೋ," ಎಂದರು. ಗುದ್ದಲಿ ಮಣ್ಣಿಗೆ ಕಚ್ಚಿದ ಸದ್ದು ಕೇಳಿಸಿತು.

ಮೆಟ್ಟಿಲ ಮೇಲಿದ್ದ ಗಿರಿಜಮ್ಮ ಅಂಗೈಯಲ್ಲಿ ನೀರು ತೆಗೆದು ನಾಲಿಗೆ ತುದಿಗೆ ಮುಟ್ಟಿಸಿ ಉಗಿದಳು. "ಅಪ್ಪಾಜಿ, ಒಸಿ ತಡೀರಿ. ಇನ್‌ಸ್ಪೆಕ್ಟ್ರೇ, ಮೊನ್ನೆಯಿಂದ ನೀರು ಒಗರು. ಕಣ್ಣೂ ಉರೀತಿಲ್ಲ. ಹೋದ್ವಾರ ಉರೀತಿತ್ತು."

ಕಣ್ಣು ಉರಿಯುತ್ತಿಲ್ಲ ಎಂದರೆ ಪೌಡರು ಸತ್ತಿದೆ ಎಂದರ್ಥ. ಯಾವುದು ತಿಂದಿತು? "ನೀರಿಗೆ ಏನಾದ್ರೂ ಬಿಟ್ರಾ ತಾಯಿ?" ಎಂದು ಕೇಳಿದೆ.

"ಏನೂ ಇಲ್ಲ. ಅವ್ವ ನೆಲ್ಲಿ ಕೊರಡು ಬಿಡ್ಸೈತೆ, ಅಷ್ಟೇಯ."

ತಾಯಿ ಗೌರಮ್ಮನವರು ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಅವರಿಗೆ ಸಿಟ್ಟು ಬಂದಿತ್ತು. "ನೆಲ್ಲಿ ಬಿಟ್ರೆ ನೀರು ಕೆಡ್ತದಾ? ಎಲ್ಲಾರೂ ಬಾವಿಗೆ ಬಿಡಲ್ವಾ? ದೊಡ್ ಸಾಹೇಬ್ರು ಬತ್ತಾರೆ, ಆ ಪೌಡ್ರು ವಾಸ್ನೆ ಮೂಗಿಗೆ ಹೊಡೀತೈತೆ, ನೀರು ಸಿಹಿಯಾಗ್ಲಿ ಅಂತ ಮರಾನೇ ಕಡ್ಸಿ ಏಳು ಕೊರಡು ಹಾಕ್ಸಿದೀನಿ. ಒಳ್ಳೇದಕ್ಕೇ ಅಲ್ವೇನಪ್ಪ ಮಾಡಿದ್ದು?"

ಒಳ್ಳೆಯದಕ್ಕೇ. ನಮ್ಮ ಸೀಮೆಯಲ್ಲಿ ಬಾವಿ ತೋಡಿದವರೆಲ್ಲ ತಳಕ್ಕೆ ನೆಲ್ಲಿಯ ಕೊರಡು ಬಿಡುತ್ತಾರೆ, ನೀರು ಸಿಹಿಯಾಗುತ್ತದೆ ಎಂದು. ನಮ್ಮೂರ ಬಾವಿಯಲ್ಲೂ ಇತ್ತು. ಆದರೆ ಬಾವಿಗೆ ಬಿಡುವುದು ಒಂದು ಹಳೆಯ ಕೊರಡು. ಇಲ್ಲಿ ತೊಗಟೆ ಹಸಿಯಾಗಿರುವ ಏಳು.

ಡಾಕ್ಟರು ಗಡಿಯಾರ ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡರು. "ಮೇಲಕ್ಕೆ ತೆಗೆಸಿ, ನೋಡೋಣ," ಎಂದರು. ಕೊರಡುಗಳನ್ನು ತೇಲದ ಹಾಗೆ ಒರಳುಕಲ್ಲಿಗೆ ಹಗ್ಗದಿಂದ ಬಿಗಿದು ತಳಕ್ಕೆ ಇಳಿಸಿದ್ದರು. ಮುಳುಗಿ ಗಂಟು ಬಿಚ್ಚಬೇಕು. ಆಳುಗಳಲ್ಲಿ ಈಜು ಬರುವವರು ಯಾರೂ ಇರಲಿಲ್ಲ. ನಾನಂತೂ ಹೇಳುವುದೇ ಬೇಡ.

ಅಷ್ಟರಲ್ಲಿ ಗಿರಿಜಮ್ಮ ಮೆಟ್ಟಿಲಿಳಿದಿದ್ದಳು. ಮೇಲಧಿಕಾರಿ ಎದುರಿಗಿದ್ದಾರೆ ಎಂದು ತಾಯಿ ಹೇಳುವುದರೊಳಗೆ ನೀರಲ್ಲಿ ನೆಟ್ಟಗೆ ನಿಂತು, ಉಸಿರು ಎಳೆದುಕೊಂಡು, ಮುಳುಗಿದಳು. ನೀರು ಮುಚ್ಚಿಕೊಂಡಿತು. ನಾವೆಲ್ಲ ಬಗ್ಗಿ ನೋಡುತ್ತಾ ನಿಂತೆವು. ಒಂದು ಕೊರಡು ಬುಡುಕ್ ಎಂದು ಎದ್ದು ತೇಲಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೂರನೆಯದಾದ ಮೇಲೆ ಅವಳು ತಲೆಯೆತ್ತಿ ಉಸಿರಾಡಿ ಮತ್ತೆ ಹೋದಳು. ನಾಲ್ಕು. ಐದು. ಆರು. ಏಳನೆಯದು ಏಳಲಿಲ್ಲ. ಗುದ್ದಲಿ ಹಿಡಿದ ಆಳುಗಳೂ ಗುದ್ದಲಿ ಬಿಟ್ಟು ಬಂದು ದಡದಲ್ಲಿ ನಿಂತರು. ಸಾಹುಕಾರರ ತುಟಿ ಶಿವಾ ಶಿವಾ ಎನ್ನುತ್ತಿತ್ತು. ಆಮೇಲೆ ಏಳನೆಯ ಕೊರಡೂ ಅದನ್ನು ತಬ್ಬಿಕೊಂಡ ಗಿರಿಜಮ್ಮನೂ ಒಟ್ಟಿಗೆ ಮೇಲೆ ಬಂದರು. ಅವಳು ನಗುತ್ತಿದ್ದಳು.

ನಾನು ಒಂದು ಕೊರಡಿನ ತೊಗಟೆ ಸುಲಿದು ಕಲ್ಲಿನಲ್ಲಿ ಜಜ್ಜಿದೆ. ಬಾವಿ ನೀರಿನ ನೀಲಿ ಬಟ್ಟಲು ಅಲ್ಲೇ ಇತ್ತು. ಡಾಕ್ಟರ ಕಣ್ಣೆದುರಿಗೇ ಆ ತೊಗಟೆಯನ್ನು ಅದ್ದಿ ಕಲಕಿದೆ. ಕಡುನೀಲಿ ತಿಳಿನೀಲಿಯಾಯಿತು. ತಿಳಿನೀಲಿ ಕರಗಿತು. ನೋಡನೋಡುತ್ತ ಬಣ್ಣವೆಲ್ಲ ಹೋಗಿ ಬಟ್ಟಲ ತಳದ ಬಿಳುಪು ಕಂಡಿತು. ಇಷ್ಟು ವರ್ಷ ನೀಲಿ ಬರುವುದನ್ನು ನೋಡಿದ್ದೆ. ಹೋಗುವುದನ್ನು ನೋಡಿದ್ದು ಅದೇ ಮೊದಲು. ಗೌರಮ್ಮನವರು ಬಾಯಿಗೆ ಸೆರಗು ಹಿಡಿದು, "ನಮ್ ನೆಲ್ಲಿ ಇಷ್ಟ್ ಜೋರಾ?" ಎಂದರು.

ಡಾಕ್ಟರು ಕೊಳದ ಕಡೆ ನೋಡುತ್ತಿದ್ದರು. ಗಿರಿಜಮ್ಮ ಕೊರಡುಗಳನ್ನು ಒಂದೊಂದಾಗಿ ದಡಕ್ಕೆ ತಳ್ಳುತ್ತಾ ನೀರಿನಲ್ಲಿ ನಡೆದಾಡುತ್ತಿದ್ದಳು. ಆಮೇಲೆ ಅವರು ನನ್ನ ಪುಸ್ತಕ ಕೇಳಿದರು.

"ಇವತ್ತಿನ ನೀರು ಫೇಲು. ಫೇಲು ಅಂತಲೇ ಬರೀರಿ. ಕಾರಣ ಬರೀರಿ. ಕೊರಡಿಲ್ಲದ ನೀರು ತುಂಬಿಸಿ ಇನ್ನೊಂದು ವಾರ ನೋಡಿ." ಆಮೇಲೆ ಪುಟದ ಮೇಲೆ ಬೆರಳಿಟ್ಟು, "ಈ ಕೊಳಕ್ಕೆ ಯಾರು ಇಳೀತಾರೆ ಅಂತ ಮೊದಲ್ನೇ ರಿಪೋರ್ಟಲ್ಲಿ ಯಾಕ್ರೀ ಬರೀಲಿಲ್ಲ?"

"ಕಾಲಂ ಇರ್ಲಿಲ್ಲ ಸಾರ್."

"ಒಂದು ಗೆರೆ ಎಳೆಯೋಕೂ ಸರ್ಕಾರದ ಅಪ್ಪಣೆ ಬೇಕೇನ್ರೀ ನಿಮಗೆ?"

ನೀವು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಇದೇ. ಅಪ್ಪಣೆ ಯಾರದೂ ಇಲ್ಲ. ಅವತ್ತು ಅದೇ ಮೆಟ್ಟಿಲ ಮೇಲೆ ಕೂತು, ಪೆಟ್ಟಿಗೆಯ ಅಂಚನ್ನೇ ಅಡಿಪಟ್ಟಿ ಮಾಡಿಕೊಂಡು ಗೆರೆ ಎಳೆದೆ. ಮೇಲೆ ಬರೆದೆ: ಇಳಿಯುವವರು, ಬಳಸುವವರು ಯಾರು. ಕೆಳಗೆ ಬರೆದ ಮೊದಲ ಹೆಸರು ಗಿರಿಜಮ್ಮ. ಆಮೇಲೆ ತರೀಕೆರೆಯಲ್ಲಾಗಲಿ ಬೀರೂರಿನಲ್ಲಾಗಲಿ ಆ ಕಾಲಂ ತುಂಬದೆ ನಾನು ಒಂದು ಬಾವಿಯ ಮೇಲೂ ರಿಪೋರ್ಟು ಕಳಿಸಲಿಲ್ಲ.

ಮುಂದಿನ ವಾರ ಮೂರನೆಯ ಬಟ್ಟಲು ನೀಲಿಯಾಯಿತು. ಕೊಳ ಉಳಿಯಿತು. ಆ ನಾಲ್ಕು ಗಾಡಿ ಮಣ್ಣಿನಿಂದ ಸಾಹುಕಾರರು ಹಿತ್ತಲಾಚೆ ಆಳುಗಳಿಗೆ ಕೈಕಾಲು ತೊಳೆಯುವ ಕಟ್ಟೆ ಕಟ್ಟಿಸಿದರು.

ಹನ್ನೆರಡು ವರ್ಷ ನಾನು ಆ ಕೊಳಕ್ಕೆ ಹೋದೆ. ಗಿರಿಜಮ್ಮ ನನ್ನನ್ನು ಅಣ್ಣ ಎನ್ನಲು ಶುರುಮಾಡಿದ್ದಳು. ನಾನು ಪೆಟ್ಟಿಗೆ ಬಿಚ್ಚುವ ಮೊದಲೇ ನೀರಿನಲ್ಲಿ ಒಮ್ಮೆ ಮುಳುಗಿ ಎದ್ದು, ಕಣ್ಣು ಮುಚ್ಚಿಕೊಂಡು, ಎಷ್ಟನೆಯ ಬಟ್ಟಲು ಎಂದು ಹೇಳುತ್ತಿದ್ದಳು. ಮೊದಮೊದಲು ಒಂದು ಹೆಚ್ಚು ಒಂದು ಕಡಿಮೆ ಆಗುತ್ತಿತ್ತು. ಆಮೇಲೆ ತಪ್ಪುತ್ತಿರಲಿಲ್ಲ. ಸಾಹುಕಾರರು ಲಿಂಗೈಕ್ಯರಾದ ವರ್ಷ ಮಾತ್ರ ಅವಳು ಮೂರು ತಿಂಗಳು ನೀರಿಗೆ ಇಳಿಯಲಿಲ್ಲ. ಆ ಮೂರು ತಿಂಗಳು ಏಳನೆಯ ಕಾಲಂನಲ್ಲಿ ಯಾರೂ ಇಲ್ಲ ಎಂದಿದೆ, ನೋಡಿ.

ನಿವೃತ್ತಿಯ ಹಿಂದಿನ ವಾರ ಕೊನೆಯ ಸಲ ಹೋದೆ. ಗೌರಮ್ಮನವರು ದಡದಲ್ಲಿ ಕೂತು ಕೊಬ್ಬರಿ ಹೆಚ್ಚುತ್ತಿದ್ದರು. ನೀರು ನೋಡಿ ನಾನು ಮೂರು ಎಂದೆ. ಗಿರಿಜಮ್ಮ ಮುಳುಗಿ ಎದ್ದು ಎರಡು ಎಂದಳು. ಎರಡನೆಯದೇ ನೀಲಿಯಾಯಿತು.

"ನೀವು ನೋಡಿ ಹೇಳ್ತೀರಿ, ನಾನು ಇಳ್ದು ಹೇಳ್ತೀನಿ ಕಣಣ್ಣ," ಎಂದು ನಕ್ಕಳು. "ಇಷ್ಟ್ ವರ್ಷ ಬಂದ್ರಿ, ಒಂದ್ಸಲಾನಾದ್ರೂ ಇಳಿದ್ರಾ?"

"ನನಗೆ ಹೆದರಿಕೆ ಕಣಮ್ಮ," ಎಂದೆ. ಯಾರ ಮುಂದೆಯೂ ಹೇಳದಿದ್ದ ಮಾತು. ಅವಳ ಮುಂದೆ ಹೇಳಲು ಯಾಕೋ ನಾಚಿಕೆಯಾಗಲಿಲ್ಲ.

ಅವಳು ನಗಲಿಲ್ಲ. ತಾಯಿಯ ಕಡೆ ತಿರುಗಿ, "ಅವ್ವ, ಆ ಕಾಯಿ ಕೊಡು," ಎಂದಳು. ಗೌರಮ್ಮನವರು ಒಳಗಿಂದ ಜುಟ್ಟು ಕಟ್ಟಿದ ಎರಡು ಒಣ ತೆಂಗಿನಕಾಯಿ ತಂದರು. ನಾನು ಕೋಟು ತೆಗೆದು, ಪಂಚೆ ಎತ್ತಿ ಕಟ್ಟಿ, ಮೆ‌ಟ್ಟಿಲ ಮೇಲೆ ಕಾಲಿಟ್ಟೆ. ಮೂರನೆಯ ಮೆಟ್ಟಿಲಿಗೆ ನನ್ನ ಎರಡು ಗಟ್ಟಿ ಕಾಲೂ ಗಡಗಡ ನಡುಗತೊಡಗಿದವು. ಎದುರಿಗೆ ಗಿರಿಜಮ್ಮ ಅಲುಗಾಡದೆ ನಿಂತಿದ್ದಳು.

"ಕಾಯಿ ಕಂಕುಳಿಗೆ ಕೊಟ್ಕಳಿ. ಈಗ ಕಾಲು ಬಿಡಿ ಅಣ್ಣ. ನೀರು ಹಿಡ್ಕತೈತೆ."

ಬಿಟ್ಟೆ. ಹಿಡಿದುಕೊಂಡಿತು. ನನ್ನ ಭಾರವೆಲ್ಲ ಎಲ್ಲಿಗೆ ಹೋಯಿತೋ ನನಗೆ ಗೊತ್ತಿಲ್ಲ. ಜೀವಮಾನವೆಲ್ಲ ಬಟ್ಟಲಲ್ಲಿ, ಲೋಟದಲ್ಲಿ ನೋಡಿದ್ದ ನೀರು ನನ್ನನ್ನು ಎತ್ತಿಕೊಂಡಿತ್ತು. ಕಣ್ಣು ಉರಿಯಿತು. ಪೌಡರಿನಿಂದ ಎಂದೇ ಹೇಳಿದೆ.

ಮೇಲೆ ಬಂದು ಮೆಟ್ಟಿಲ ಮೇಲೆ ಕೂತು ಆರು ಕಾಲಂ ತುಂಬಿದೆ. ಏಳನೆಯದರಲ್ಲಿ ಎಂದಿನಂತೆ ಗಿರಿಜಮ್ಮ ಎಂದು ಬರೆದೆ. ಅದರ ಕೆಳಗೆ ತಿಮ್ಮಪ್ಪ ಎಂದು ಬರೆದೆ. ಮೈ ಒರೆಸಿಕೊಳ್ಳುವಷ್ಟು ತಾಳ್ಮೆ ಇರಲಿಲ್ಲ. ತಲೆಯಿಂದ ನೀರು ಪುಟದ ಮೇಲೆ ತೊಟ್ಟಿಕ್ಕುತ್ತಿತ್ತು. ಶಾಯಿ ಹರಡಿರುವುದು ಅದಕ್ಕೇ.